ಹಣ ಬಂತು, ಹೊಣೆ ಹೊರುವವರೆಲ್ಲಿ?

2025ರ ಫೆಬ್ರುವರಿ ತಿಂಗಳ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಆಡಳಿತ ವ್ಯವಸ್ಥೆಯ ಒಂದು ದೊಡ್ಡ ಕೊರತೆ ಸ್ಪಷ್ಟವಾಗುತ್ತದೆ. ಮೊದಲನೆಯದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಜಾಗತಿಕ ಹೂಡಿಕೆದಾರರ ಸಮಾವೇಶ. ಕೊಪ್ಪಳದ ಅಂಚಿನಲ್ಲಿ ಬಲ್ದೋಟ ಸಮೂಹದ ಉಕ್ಕಿನ ಕಾರ್ಖಾನೆಗೆ ₹54,000 ಕೋಟಿ ಹೂಡುವ ಒಪ್ಪಂದ ಅಲ್ಲಿ ಆಯಿತು. ಎರಡನೆಯದು, ಅದೇ ತಿಂಗಳ 24ರಂದು ಕೊಪ್ಪಳದಲ್ಲಿ ನಡೆದ ಬಂದ್. ಅಂಗಡಿ ಮುಂಗಟ್ಟುಗಳು ಮುಚ್ಚಿದವು, ಸಹಸ್ರಾರು ಜನ ಬೀದಿಗಿಳಿದರು, ಗವಿಮಠದ ಸ್ವಾಮೀಜಿಯವರೇ ಮುಂದೆ ನಿಂತು ಊರಿನ ಪರವಾಗಿ ಮಾತನಾಡಿದರು. ಆಮೇಲೆ ಜಿಲ್ಲೆಯ ಜನಪ್ರತಿನಿಧಿಗಳು ಬೆಂಗಳೂರಿಗೆ ಧಾವಿಸಿದರು. ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿ ಸೂಚಿಸಿದರು.

ಕಾರ್ಖಾನೆ ಬೇಕೇ ಬೇಡವೇ ಎಂಬುದು ಈ ಲೇಖನದ ವಿಷಯವಲ್ಲ. ಗಿಣಿಗೇರಿ ಸುತ್ತಮುತ್ತಲ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳು ಉದ್ಯೋಗವನ್ನೂ ಕೊಟ್ಟಿವೆ, ಹೊಗೆ ಧೂಳನ್ನೂ ಕೊಟ್ಟಿವೆ. ಇವೆರಡನ್ನು ತೂಗಿ ನೋಡುವ ಹಕ್ಕು ಅಲ್ಲಿಯ ಜನರದು. ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡ ನಿರ್ಧಾರವೊಂದು ತಮ್ಮ ಜಿಲ್ಲೆಯನ್ನು ಕುರಿತು ಆಗುತ್ತಿರುವಾಗ ಕೊಪ್ಪಳದ ಜನ ತಮ್ಮ ಮಾತನ್ನು ಎಲ್ಲಿ ಹೇಳಬೇಕಿತ್ತು? ಪರಿಸರ ಅನುಮತಿಯ ನಿಯಮದಂತೆ ಸಾರ್ವಜನಿಕ ಅಹವಾಲು ಸಭೆಯೊಂದು ಉಂಟು. ಅದು ಅಧಿಕಾರಿಯೊಬ್ಬರ ಅಧ್ಯಕ್ಷತೆಯಲ್ಲಿ ನಡೆಯುವ ಸಭೆ. ಅಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ವಾದವಿವಾದ ನಡೆಸಿ, ನಿರ್ಣಯ ಮಾಡಿ, ಸರ್ಕಾರವನ್ನು ಉತ್ತರ ಕೇಳಬಲ್ಲ ಜಿಲ್ಲೆಯ ಚುನಾಯಿತ ಸಭೆ ಆ ಹೊತ್ತಿಗೆ ಇರಲೇ ಇಲ್ಲ. ಜಿಲ್ಲಾ ಪಂಚಾಯಿತಿಯ ಸಭಾಂಗಣ 2021ರಿಂದ ಖಾಲಿ ಬಿದ್ದಿತ್ತು. ಜನ ಮಠದ ಕಡೆ ನಡೆದದ್ದು ಭಕ್ತಿಯಿಂದ ಮಾತ್ರವಲ್ಲ, ಹೋಗಲು ಬೇರೆ ಬಾಗಿಲು ತೆರೆದಿರಲಿಲ್ಲ ಎಂಬ ಕಾರಣಕ್ಕೂ ಹೌದು.

ಹಿಂದುಳಿದ ಪ್ರದೇಶಗಳ ಸಮಸ್ಯೆಯನ್ನು ನಾವು ಬಹುಕಾಲದಿಂದ ಹಣದ ಕೊರತೆ ಎಂದೇ ಅರ್ಥೈಸಿಕೊಂಡು ಬಂದಿದ್ದೇವೆ. ಹಣದ ಕೊರತೆ ನಿಜವಾಗಿತ್ತು. ಆದರೆ ಕಲ್ಯಾಣ ಕರ್ನಾಟಕದ ಮಟ್ಟಿಗೆ ಈಗ ಹಣಕ್ಕಿಂತ ದೊಡ್ಡ ಕೊರತೆ ಒಂದಿದೆ. ವಿಧಾನಸೌಧಕ್ಕೂ ಹಳ್ಳಿಗೂ ನಡುವೆ, ಬಂದ ಹಣಕ್ಕೆ ಜನರ ಮುಂದೆ ಲೆಕ್ಕ ಹೇಳುವ ಚುನಾಯಿತ ಸಂಸ್ಥೆ ಇಲ್ಲ. ಆರ್ಥಿಕ ಸುಧಾರಣೆ ಎಂದೊಡನೆ ತೆರಿಗೆ, ಹೂಡಿಕೆ, ಪರವಾನಗಿಗಳನ್ನಷ್ಟೇ ನೆನೆಯುವ ನಮಗೆ, ಬಾಕಿ ಉಳಿದಿರುವ ಸುಧಾರಣೆಗಳಲ್ಲಿ ಇದೇ ಅತ್ಯಂತ ಮುಖ್ಯವಾದದ್ದು ಎಂಬುದು ಹೊಳೆಯುವುದೇ ಇಲ್ಲ.

ಈ ಭಾಗದ ಹಿಂದುಳಿದಿರುವಿಕೆಗೆ ಇತಿಹಾಸವಿದೆ. ದೇಶ 1947ರ ಆಗಸ್ಟ್‌ನಲ್ಲಿ ಸ್ವತಂತ್ರವಾದಾಗ ನಿಜಾಮನ ಆಳ್ವಿಕೆಯಲ್ಲಿದ್ದ ಈ ಜಿಲ್ಲೆಗಳು 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಆ ಹೋರಾಟದಲ್ಲಿ ಗಡಿಯಾಚೆಯ ಮುಂಡರಗಿ ಶಿಬಿರವನ್ನು ಮುನ್ನಡೆಸಿದವರು ಕೊಪ್ಪಳ ತಾಲ್ಲೂಕಿನ ಅಳವಂಡಿಯ ಶಿವಮೂರ್ತಿಸ್ವಾಮಿಯವರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಜನ ಅವರನ್ನು ಪಕ್ಷೇತರರಾಗಿಯೇ ಲೋಕಸಭೆಗೆ ಕಳುಹಿಸಿದರು. 1962ರಲ್ಲಿ ಲೋಕಸೇವಕ ಸಂಘದ ಅಭ್ಯರ್ಥಿಯಾಗಿ ಮತ್ತೊಮ್ಮೆ ಗೆಲ್ಲಿಸಿದರು. ದೇಶದಾದ್ಯಂತ ಕಾಂಗ್ರೆಸ್ ಅಲೆ ಇದ್ದ ಕಾಲದಲ್ಲಿ ಈ ಬರಡು ಸೀಮೆಯ ಮತದಾರ ತೋರಿದ ಸ್ವತಂತ್ರ ಬುದ್ಧಿ ಇದು. ‘ಹಿಂದುಳಿದ ಪ್ರದೇಶದ ಜನರಿಗೆ ರಾಜಕೀಯ ತಿಳಿವಳಿಕೆ ಕಡಿಮೆ, ಅವರ ಪರವಾಗಿ ಮೇಲಿನವರೇ ಯೋಚಿಸಬೇಕು’ ಎನ್ನುವವರು ಇದನ್ನು ಗಮನಿಸಬೇಕು.

1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆಯಾಗಿ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರಿಗೆ ಸೇರಿದವು. ಹಳೆಯ ಮೈಸೂರಿನಲ್ಲಿ ಆಗಲೇ ಶಾಲೆ, ರಸ್ತೆ, ವಿದ್ಯುತ್, ಬ್ಯಾಂಕುಗಳ ಜಾಲವಿತ್ತು; ಇಲ್ಲಿ ಇರಲಿಲ್ಲ. ಮುಂದಿದ್ದವನಿಗೂ ಹಿಂದಿದ್ದವನಿಗೂ ಒಂದೇ ಗೆರೆಯಿಂದ ಓಟ ಆರಂಭವಾದಂತೆ ಕಾಗದದ ಮೇಲೆ ಕಂಡಿತು. ಈ ಅಂತರವನ್ನು ಅಳೆಯಲು ಶಾಸ್ತ್ರೀಯ ಪ್ರಯತ್ನ ನಡೆದದ್ದು ಬಹಳ ತಡವಾಗಿ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ 2000ದಲ್ಲಿ ರಚನೆಯಾದ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ನೀಡಿತು. 35 ಸೂಚಕಗಳನ್ನು ಆಧರಿಸಿ ರಾಜ್ಯದ ಎಲ್ಲ ತಾಲ್ಲೂಕುಗಳನ್ನು ಅದು ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ತಾಲ್ಲೂಕುಗಳು ಅಂದಿನ ಗುಲ್ಬರ್ಗ ವಿಭಾಗ ಒಂದರಲ್ಲೇ ಇದ್ದವು. ಕುಷ್ಟಗಿ ಮತ್ತು ಯಲಬುರ್ಗಾ ಆ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ ₹31,000 ಕೋಟಿ ವೆಚ್ಚ ಮಾಡಿ ಈ ಅಂತರ ತುಂಬಬೇಕೆಂದು ಸಮಿತಿ ಶಿಫಾರಸು ಮಾಡಿತು.

ನಂಜುಂಡಪ್ಪ ವರದಿಯ ದೊಡ್ಡ ಕೊಡುಗೆ ಆ ಮೊತ್ತವಲ್ಲ. ಹಿಂದುಳಿದಿರುವಿಕೆಯನ್ನು ವಿಭಾಗ ಅಥವಾ ಜಿಲ್ಲೆಯ ಮಟ್ಟದಲ್ಲಲ್ಲ, ತಾಲ್ಲೂಕು ಮಟ್ಟದಲ್ಲಿ ನೋಡಬೇಕೆಂದು ಅದು ಕಲಿಸಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯನ್ನೇ ನೋಡಿ. ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಇರುವುದು ಮುನಿರಾಬಾದಿನಲ್ಲಿ, ಅಂದರೆ ಕೊಪ್ಪಳ ತಾಲ್ಲೂಕಿನಲ್ಲಿ. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿಗಳನ್ನು ಭತ್ತದ ಕಣಜವಾಗಿಸಿ ಸಿಂಧನೂರಿನ ಕಡೆ ಹರಿಯುತ್ತದೆ. ಅದೇ ಕೊಪ್ಪಳ ತಾಲ್ಲೂಕಿನ ಅಳವಂಡಿ ಹೋಬಳಿ ಮಾತ್ರ ಮಳೆಯನ್ನೇ ನಂಬಿದ ಜೋಳ, ಕಡಲೆ, ಈರುಳ್ಳಿಯ ಸೀಮೆ. ಅಣೆಕಟ್ಟೆ ಇರುವ ತಾಲ್ಲೂಕಿನಲ್ಲೇ ಕೆರೆ ಒಣಗುತ್ತದೆ, ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಅಳವಂಡಿ–ಬೆಟಗೇರಿ ಏತ ನೀರಾವರಿ, ಸಿಂಗಟಾಲೂರು ಏತ ನೀರಾವರಿ ಎಂಬ ಹೆಸರುಗಳು ಇಲ್ಲಿಯ ರೈತರಿಗೆ ಚುನಾವಣಾ ಭಾಷಣಗಳಿಂದ ಬಾಯಿಪಾಠವಾಗಿವೆ.

ಗಂಗಾವತಿಯ ಗದ್ದೆಗೂ ಅಳವಂಡಿಯ ಎರೆ ಹೊಲಕ್ಕೂ ಬೇಕಾದದ್ದು ಒಂದೇ ಅಲ್ಲ. ಒಂದು ಕಡೆ ಕಾಲುವೆಯ ತುದಿಗೆ ನೀರು ಮುಟ್ಟಿಸುವುದು, ಸವುಳು ಭೂಮಿಯನ್ನು ಸರಿಪಡಿಸುವುದು ಮುಖ್ಯ. ಇನ್ನೊಂದು ಕಡೆ ಕೆರೆ ತುಂಬಿಸುವುದು, ಈರುಳ್ಳಿ ಕೆಡದಂತೆ ಇಡಲು ಗೋದಾಮು ಕಟ್ಟುವುದು, ಗುಳೆ ಹೋದವರ ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು ಮುಖ್ಯ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13.9 ಲಕ್ಷ, ಮಹಿಳಾ ಸಾಕ್ಷರತೆ ಶೇ 57.5, ರಾಜ್ಯದ ಸರಾಸರಿಗಿಂತ ಹತ್ತು ಅಂಶ ಕಡಿಮೆ. ಇಂಥ ಜಿಲ್ಲೆಯಲ್ಲಿ ಮುಂದಿನ ರೂಪಾಯಿಯನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಸಿದ್ಧ ಉತ್ತರವಿರುವುದಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಮಾಹಿತಿ ಇರುವುದು ಕೆಳಗೆ, ನಿರ್ಧಾರ ಆಗುವುದು ಮೇಲೆ. ಈ ಅಂತರವೇ ಅಪವ್ಯಯದ ಮೂಲ.

ಹಣದ ವಿಷಯದಲ್ಲಿ ಪರಿಸ್ಥಿತಿ ಬದಲಾಗಿದೆ ಎಂಬುದನ್ನು ಒಪ್ಪಲೇಬೇಕು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ, ಒಮ್ಮೆ ಕೇಂದ್ರ ಸರ್ಕಾರ ತಿರಸ್ಕರಿಸಿದ್ದ ಬೇಡಿಕೆ 2012ರ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಈಡೇರಿ 371(ಜೆ) ವಿಧಿ ಸೇರ್ಪಡೆಯಾಯಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡುವ ನಿಯಮ, ಅನುದಾನದ ನ್ಯಾಯಯುತ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ – ಇವು ಅದರ ತಿರುಳು. ಈ ಮೀಸಲಾತಿಯಿಂದ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಪಡೆದ, ಸರ್ಕಾರಿ ನೌಕರಿ ಹಿಡಿದ ಮೊದಲ ತಲೆಮಾರಿನ ಯುವಕ ಯುವತಿಯರು ಈ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಸಿಗುತ್ತಾರೆ. ಇದು ಸಣ್ಣ ಸಾಧನೆಯಲ್ಲ.

ಮಂಡಳಿಯ ಅನುದಾನವೂ ಬೆಳೆದಿದೆ. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣವಾಯಿತು. ಮಂಡಳಿಗೆ 2023–24ರಿಂದ ಸತತ ಮೂರು ಬಜೆಟ್‌ಗಳಲ್ಲಿ ವರ್ಷಕ್ಕೆ ₹5,000 ಕೋಟಿ ಘೋಷಣೆಯಾಯಿತು. ಪ್ರದೇಶದಲ್ಲಿರುವ ವಿಧಾನಸಭಾ ಕ್ಷೇತ್ರಗಳು 41. ಸರಾಸರಿ ಲೆಕ್ಕದಲ್ಲಿ ಒಂದೊಂದು ಕ್ಷೇತ್ರಕ್ಕೆ ವರ್ಷಕ್ಕೆ ₹120 ಕೋಟಿ ದಾಟುತ್ತದೆ. ಘೋಷಣೆಗೂ ಬಿಡುಗಡೆಗೂ, ಬಿಡುಗಡೆಗೂ ವೆಚ್ಚಕ್ಕೂ ಇರುವ ಅಂತರವನ್ನು ಕಳೆದರೂ ನಂಜುಂಡಪ್ಪನವರ ಕಾಲದಲ್ಲಿ ಕನಸಿನಲ್ಲೂ ಎಣಿಸಲಾಗದ ಮೊತ್ತ ಇದು. ಹಾಗಿದ್ದೂ 2024ರಲ್ಲಿ ಸರ್ಕಾರ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ಕುರಿತು ಮತ್ತೊಂದು ಸಮಿತಿ ನೇಮಿಸಬೇಕಾಯಿತು. ಅಂತರ ಮುಚ್ಚಿದ್ದರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ.

ಹಣ ಬಂದರೂ ಫಲ ಏಕೆ ಅಷ್ಟರ ಮಟ್ಟಿಗೆ ಕಾಣುತ್ತಿಲ್ಲ? ಆಡಳಿತದ ಒಳಗಿದ್ದವರಿಗೆ ಇದರ ಉತ್ತರ ಗೊತ್ತಿರುತ್ತದೆ. ವಿಶೇಷ ಅನುದಾನ ಎಂದೊಡನೆ ಮೊದಲು ತಯಾರಾಗುವುದು ಕ್ರಿಯಾ ಯೋಜನೆ. ಅದರಲ್ಲಿ ಸಲೀಸಾಗಿ ಸೇರುವುದು ಸಿಮೆಂಟು ರಸ್ತೆ, ಸಮುದಾಯ ಭವನ, ಕಟ್ಟಡ, ಆವರಣ ಗೋಡೆ. ಇವಕ್ಕೆ ಅಂದಾಜು ಪಟ್ಟಿ ಮಾಡುವುದು ಸುಲಭ, ಶಂಕುಸ್ಥಾಪನೆಗೆ ಕಲ್ಲು ಸಿಗುತ್ತದೆ, ಉದ್ಘಾಟನೆಗೆ ಫಲಕ ಸಿಗುತ್ತದೆ. ಟೆಂಡರಿನ ಗೊಡವೆ ತಪ್ಪಿಸಲು ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯ ಮೂಲಕ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೆ ಕೆಲಸ ವಹಿಸುವ ದಾರಿಯೂ ಇದೆ. ಆಮೇಲೆ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಎರಡೇ ಅಂಕಣ: ಆರ್ಥಿಕ ಪ್ರಗತಿ, ಭೌತಿಕ ಪ್ರಗತಿ. ಹಣ ಎಷ್ಟು ಖರ್ಚಾಯಿತು, ಗೋಡೆ ಎಷ್ಟು ಎದ್ದಿತು. ಆ ಕಟ್ಟಡದಲ್ಲಿ ಏನು ನಡೆಯುತ್ತಿದೆ ಎಂಬ ಮೂರನೆಯ ಅಂಕಣ ಇಲ್ಲ. ಹಾಸ್ಟೆಲಿಗೆ ಕಟ್ಟಡ ಬಂದು ವಾರ್ಡನ್ ಬಾರದಿದ್ದರೂ, ಆಸ್ಪತ್ರೆಗೆ ಯಂತ್ರ ಬಂದು ಅದನ್ನು ನಡೆಸುವ ತಂತ್ರಜ್ಞ ಬಾರದಿದ್ದರೂ ಪ್ರಗತಿ ಶೇ 100 ಎಂದೇ ದಾಖಲಾಗುತ್ತದೆ. ಮಾರ್ಚ್ ತಿಂಗಳಲ್ಲಿ ಬಿಲ್ಲುಗಳ ಹೊಳೆ ಹರಿಯುತ್ತದೆ. ಏಪ್ರಿಲ್‌ನಲ್ಲಿ ಮತ್ತೆ ಹೊಸ ಕ್ರಿಯಾ ಯೋಜನೆ.

ಹೊಸದನ್ನು ಕಟ್ಟುವುದರಲ್ಲಿ ಇರುವ ಉತ್ಸಾಹ ಇದ್ದದ್ದನ್ನು ಕಾಪಾಡುವುದರಲ್ಲಿ ಇಲ್ಲ ಎಂಬುದಕ್ಕೆ ತುಂಗಭದ್ರಾ ಅಣೆಕಟ್ಟೆಯೇ ಸಾಕ್ಷಿಯಾಯಿತು. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿದ ತಂತ್ರಜ್ಞರ ಮತ್ತು ಕಾರ್ಮಿಕರ ಸಾಹಸ ಮೆಚ್ಚುವಂಥದ್ದು. ಆದರೆ ಏಳು ದಶಕ ಹಳೆಯ ಗೇಟಿನ ಸರಪಳಿ ಸಾಹಸಕ್ಕೆ ಕಾಯಬೇಕಾದ ವಸ್ತುವಲ್ಲ, ಕಾಲಕಾಲಕ್ಕೆ ಬದಲಾಯಿಸಬೇಕಾದ ವಸ್ತು. ಆ ಅಣೆಕಟ್ಟೆಯ ನಿರ್ವಹಣೆ ಅಂತರರಾಜ್ಯ ಮಂಡಳಿಯ ಕೈಯಲ್ಲಿದೆ, ಜಿಲ್ಲೆಯ ಕೈಯಲ್ಲಲ್ಲ ಎಂಬುದು ಸರಿ. ಹಳ್ಳಿಯ ನೀರಿನ ಟ್ಯಾಂಕಿನಿಂದ ಹಿಡಿದು ಮಹಾ ಅಣೆಕಟ್ಟೆಯವರೆಗೆ ಕಾಯಿಲೆ ಮಾತ್ರ ಒಂದೇ. ನಿರ್ವಹಣೆಗೆ ಫಲಕವಿಲ್ಲ, ಹೂವಿನ ಹಾರವಿಲ್ಲ; ಆದ್ದರಿಂದ ಅದನ್ನು ಕೇಳುವವರು ದಿನವೂ ಅದನ್ನು ಬಳಸುವ ಜನ ಮಾತ್ರ. ಆ ಜನರ ಕೇಳಿಕೆ ಆಡಳಿತಕ್ಕೆ ಮುಟ್ಟುವ ದಾರಿಯೇ ಸ್ಥಳೀಯ ಸರ್ಕಾರ.

ಈ ದಾರಿಯನ್ನು ದೇಶಕ್ಕೆ ತೋರಿಸಿದ್ದೇ ಕರ್ನಾಟಕ ಎಂಬುದು ಇಂದು ಮರೆತುಹೋಗಿದೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬ್ ರೂಪಿಸಿದ 1983ರ ಕಾಯ್ದೆ 1987ರಲ್ಲಿ ಜಾರಿಗೆ ಬಂದಾಗ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿಯಾಗಿ ಅವರ ಕೈಕೆಳಗೆ ಕೆಲಸ ಮಾಡಬೇಕಿತ್ತು. ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಾಗಿತ್ತು. ಸಂವಿಧಾನ ಅದನ್ನು ಕಡ್ಡಾಯಗೊಳಿಸುವುದಕ್ಕೆ ಆರು ವರ್ಷ ಮೊದಲೇ. ಶಾಲೆಗೆ ಮೇಷ್ಟರು ಬಾರದಿದ್ದರೆ, ಆಸ್ಪತ್ರೆಗೆ ವೈದ್ಯರು ಬಾರದಿದ್ದರೆ ಕೇಳುವವರು ಜಿಲ್ಲೆಯಲ್ಲೇ ಇದ್ದರು. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿದ ನಜೀರ್‌ಸಾಬರನ್ನು ಜನ ‘ನೀರ್‌ಸಾಬ್’ ಎಂದು ಕರೆದರು.

ಅದು ಬಹುಕಾಲ ಬಾಳಲಿಲ್ಲ. ಮೊದಲ ಅವಧಿ ಮುಗಿದಾಗ ಚುನಾವಣೆ ನಡೆಸುವ ಬದಲು ಸರ್ಕಾರ ಆಡಳಿತಾಧಿಕಾರಿಗಳನ್ನು ಕೂರಿಸಿತು. ಇಂಥ ಚಾಳಿಗೆ ಕಡಿವಾಣ ಹಾಕಲೆಂದೇ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಪಂಚಾಯಿತಿಗಳ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಎಂದು 243ಇ ವಿಧಿ ಯಾವ ಗೊಂದಲಕ್ಕೂ ಎಡೆಯಿಲ್ಲದಂತೆ ಹೇಳುತ್ತದೆ. 2006ರಲ್ಲಿ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ಮತ್ತೆ 2022ರಲ್ಲಿ ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಕ್ಷೇತ್ರ ಮರುವಿಂಗಡಣೆ ನೆಪವಾಗಬಾರದು ಎಂದೂ ತಿಳಿಸಿತು.

ಆದರೆ ಕರ್ನಾಟಕದಲ್ಲಿ ಆದದ್ದೇನು? ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. ಅವಧಿ 2021ರಲ್ಲಿ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ಸಿದ್ಧತೆ ನಡೆಸುತ್ತಿದ್ದಾಗಲೇ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ಒಪ್ಪಿಸಲಾಯಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಆಗ ಅಧಿಕಾರದಲ್ಲಿದ್ದದ್ದು ಬಿಜೆಪಿ. 2023ರಲ್ಲಿ ಕಾಂಗ್ರೆಸ್ ಬಂತು. ಸರ್ಕಾರ ಬದಲಾದರೂ, 2025 ಮುಗಿದರೂ ಚುನಾವಣೆ ನಡೆಯಲಿಲ್ಲ. ಪಂಚಾಯತ್‌ರಾಜ್ ವ್ಯವಸ್ಥೆಗೆ ದೇಶದ ಮಾದರಿ ಎನಿಸಿಕೊಂಡಿದ್ದ ರಾಜ್ಯದಲ್ಲಿ ಒಂದು ಇಡೀ ಅವಧಿಯಷ್ಟು ಕಾಲ ಎರಡು ಮಟ್ಟದ ಸರ್ಕಾರ ಇಲ್ಲವಾಯಿತು. ವಿಧಾನಸಭೆಗೆ ಒಂದೇ ಒಂದು ವರ್ಷ ಚುನಾವಣೆ ತಡವಾಗಿದ್ದರೆ ಪ್ರಜಾಪ್ರಭುತ್ವದ ಕಗ್ಗೊಲೆ ಎಂಬ ಕೂಗು ಎದ್ದಿರುತ್ತಿತ್ತು. ಇಲ್ಲಿ ಸದ್ದೇ ಇಲ್ಲ.

ಇದರ ಆರ್ಥಿಕ ಪರಿಣಾಮ ಎರಡು ಬಗೆಯದು. ಚುನಾಯಿತ ಸಂಸ್ಥೆ ಇಲ್ಲದ ಕಡೆ ಅನುದಾನವಿಲ್ಲ ಎಂಬುದು 15ನೇ ಹಣಕಾಸು ಆಯೋಗದ ಷರತ್ತು. ಜಿಲ್ಲೆ, ತಾಲ್ಲೂಕುಗಳಿಗೆ ಸಲ್ಲಬೇಕಾದ ಪಾಲನ್ನು ನಾವೇ ಕೈಯಾರೆ ಅಪಾಯಕ್ಕೆ ಒಡ್ಡಿದೆವು. ಎರಡನೆಯದು ಇನ್ನೂ ಗಂಭೀರ. ಸಂವಿಧಾನದ 243ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಐದನೇ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆ, ಪುರಸಭೆಗಳ ಚುನಾಯಿತ ಸದಸ್ಯರ ನಡುವಿನಿಂದ ಆಯ್ಕೆಯಾಗಬೇಕು. ಜಿಲ್ಲಾ ಪಂಚಾಯಿತಿಗೆ ಸದಸ್ಯರೇ ಇಲ್ಲದಿದ್ದರೆ ಯೋಜನಾ ಸಮಿತಿ ಹೇಗೆ ನಡೆಯಬೇಕು? ಗಂಗಾವತಿಯ ಕಾಲುವೆ, ಅಳವಂಡಿಯ ಕೆರೆ, ಗಿಣಿಗೇರಿಯ ಹೊಗೆ – ಈ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಜಿಲ್ಲೆಯ ಆದ್ಯತೆ ನಿರ್ಧರಿಸಬೇಕಾದ ಏಕೈಕ ಸಾಂವಿಧಾನಿಕ ವೇದಿಕೆ ಅದು. ಅದು ನಿಷ್ಕ್ರಿಯವಾಗಿರುವಾಗ ಸಾವಿರಾರು ಕೋಟಿಯ ಮಂಡಳಿ ಇದ್ದೂ ಅದು ಯೋಜನೆಯಾಗುವುದಿಲ್ಲ, ಕಾಮಗಾರಿಗಳ ಪಟ್ಟಿಯಾಗುತ್ತದೆ ಅಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಮಾತಿಗೆ 371(ಜೆ)ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎಲ್ಲ ಪಕ್ಷಗಳಿಗೂ ಈ ಸ್ಥಿತಿ ಏಕೆ ಸಹ್ಯವಾಗಿದೆ ಎಂಬುದು ಗುಟ್ಟೇನಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಇಂದಿನ ಸಹಾಯಕನಾದರೂ ನಾಳಿನ ಪ್ರತಿಸ್ಪರ್ಧಿ ಎಂಬುದು ಶಾಸಕರಿಗೆ ಗೊತ್ತು. ಸದಸ್ಯರಿಲ್ಲದ ಜಿಲ್ಲೆಯಲ್ಲಿ ವರ್ಗಾವಣೆ, ಗುತ್ತಿಗೆ, ಫಲಾನುಭವಿಗಳ ಆಯ್ಕೆ ಎಲ್ಲವೂ ಶಾಸಕರ ಕಚೇರಿಯ ಮೂಲಕವೇ ಹಾದುಹೋಗುತ್ತವೆ. ಕೊಪ್ಪಳ ಜಿಲ್ಲೆಯಲ್ಲಿ ಶಾಸಕರು ಐವರು. ಐದು ಜನ ಎಷ್ಟೇ ಪ್ರಾಮಾಣಿಕರೂ ದಕ್ಷರೂ ಆಗಿರಲಿ, ಹದಿನಾಲ್ಕು ಲಕ್ಷ ಜನರ ಬೀದಿದೀಪದಿಂದ ಹಿಡಿದು ಉಕ್ಕಿನ ಕಾರ್ಖಾನೆಯವರೆಗಿನ ಅಹವಾಲುಗಳನ್ನು ಹೊರಲಾರರು. ಶಾಸನ ರೂಪಿಸಬೇಕಾದವರು ಚರಂಡಿಯ ಟೆಂಡರು ನೋಡುತ್ತ ಕೂತರೆ ಶಾಸನವೂ ಕೆಡುತ್ತದೆ, ಚರಂಡಿಯೂ ಕೆಡುತ್ತದೆ.

ಇದಕ್ಕೆ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಜಿಲ್ಲಾ ಪಂಚಾಯಿತಿಗಳು ಚುನಾಯಿತವಾಗಿದ್ದಾಗ ರಾಮರಾಜ್ಯವೇನೂ ಇರಲಿಲ್ಲ. ಅಧ್ಯಕ್ಷಗಿರಿಗೆ ಒಪ್ಪಂದ, ಮಧ್ಯದಲ್ಲೇ ರಾಜೀನಾಮೆ, ಸದಸ್ಯರ ರೆಸಾರ್ಟ್ ವಾಸ, ಮಹಿಳಾ ಸದಸ್ಯೆಯ ಬದಲು ಗಂಡನ ದರ್ಬಾರು, ಕಾಮಗಾರಿಯಲ್ಲಿ ಪಾಲು – ಎಲ್ಲವೂ ಇದ್ದವು. ಅಧಿಕಾರಿಗಳ ಆಡಳಿತವೇ ಶುದ್ಧ, ಶೀಘ್ರ ಎನ್ನುವ ವಿದ್ಯಾವಂತರು ನಗರಗಳಲ್ಲಿ ಸಾಕಷ್ಟಿದ್ದಾರೆ. ಆದರೆ ಈ ವಾದವನ್ನು ಒಪ್ಪಿದರೆ ವಿಧಾನಸಭೆಯನ್ನೂ ಸಂಸತ್ತನ್ನೂ ಮುಚ್ಚಬೇಕಾಗುತ್ತದೆ. ರೆಸಾರ್ಟ್ ರಾಜಕಾರಣ ಅಲ್ಲಿಯೂ ಇದೆ. ಅಧಿಕಾರಿ ಎಷ್ಟೇ ಒಳ್ಳೆಯವನಾದರೂ ಎರಡು ವರ್ಷಕ್ಕೆ ವರ್ಗವಾಗಿ ಹೋಗುತ್ತಾನೆ. ಅವನು ಹೆದರಬೇಕಾದದ್ದು ಮೇಲಿನವರ ಟಿಪ್ಪಣಿಗೆ, ಕೆಳಗಿನವರ ಮತಕ್ಕಲ್ಲ. ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಹುದು. ಆಡಳಿತಾಧಿಕಾರಿಯನ್ನು ಅಳವಂಡಿಯ ರೈತ ಮನೆಗೆ ಕಳುಹಿಸುವ ಉಪಾಯ ಯಾವುದು?

ಇನ್ನೊಂದು ಆಕ್ಷೇಪ ಆರ್ಥಿಕ ಸುಧಾರಣೆಯ ಪ್ರತಿಪಾದಕರದು. ಹೂಡಿಕೆಗೆ ವೇಗ ಬೇಕು, ಏಕಗವಾಕ್ಷಿ ಬೇಕು. ಜಿಲ್ಲೆಗೊಂದು ಸಭೆ ಕೂಡಿ ಚರ್ಚಿಸಿದರೆ ಕೈಗಾರಿಕೆ ನೆರೆರಾಜ್ಯಕ್ಕೆ ಹೋಗುತ್ತದೆ ಎಂಬ ಭೀತಿ. ಕೊಪ್ಪಳದ ಅನುಭವ ಹೇಳುವುದು ಇದರ ವಿರುದ್ಧವನ್ನು. ಮೊದಲೇ ಆಗಬೇಕಾಗಿದ್ದ ಚರ್ಚೆ ಆಗದಿದ್ದುದರಿಂದಲೇ ಒಪ್ಪಂದದ ಶಾಯಿ ಆರುವ ಮುನ್ನ ಕೆಲಸ ನಿಂತಿತು. ಹೂಡಿಕೆದಾರನಿಗೂ ನಷ್ಟ, ಊರಿಗೂ ಆತಂಕ. ನೀರು ಎಷ್ಟು ಬೇಕು, ಬೂದಿ ಎಲ್ಲಿ ಸುರಿಯುತ್ತೀರಿ, ಸ್ಥಳೀಯರಿಗೆ ಯಾವ ದರ್ಜೆಯ ಉದ್ಯೋಗ ಕೊಡುತ್ತೀರಿ ಎಂದು ಚುನಾಯಿತ ಸಭೆ ಕೇಳಿ, ಉತ್ತರವನ್ನು ದಾಖಲೆಯಲ್ಲಿ ಇಟ್ಟಿದ್ದರೆ ಒಪ್ಪಿಗೆಯೋ ನಿರಾಕರಣೆಯೋ ಯಾವುದಾದರೊಂದು ಖಚಿತವಾಗುತ್ತಿತ್ತು. ಬೀದಿಯಲ್ಲಿ ತೀರ್ಮಾನವಾಗುವ ವಿಷಯವನ್ನು ಸಭೆಗೆ ತರುವುದೇ ಸುಧಾರಣೆ.

ತಂತ್ರಜ್ಞಾನ ಈ ಕೊರತೆಯನ್ನು ತುಂಬೀತೇ? 2000ದ ನಂತರ ಬಂದ ‘ಭೂಮಿ’ ಯೋಜನೆ ಪಹಣಿಯನ್ನು ಗ್ರಾಮಲೆಕ್ಕಿಗರ ಕೈಚೀಲದಿಂದ ಬಿಡಿಸಿ ತಾಲ್ಲೂಕು ಕೇಂದ್ರದ ಗಣಕಯಂತ್ರಕ್ಕೆ ತಂದಿತು. 2011ರ ಸೇವಾ ಖಾತರಿ ಕಾಯ್ದೆ, ಅಂದರೆ ‘ಸಕಾಲ’, ಪ್ರಮಾಣಪತ್ರಗಳಿಗೆ ಗಡುವು ಹಾಕಿತು. ಇವು ನಿಜವಾದ ಸುಧಾರಣೆಗಳು. ರೈತನ ಎಷ್ಟೋ ಅಲೆದಾಟವನ್ನು ತಪ್ಪಿಸಿವೆ. ಆದರೆ ಇವು ಇದ್ದ ಹಕ್ಕನ್ನು ಬೇಗ ತಲುಪಿಸುವ ಸಾಧನಗಳು. ಎರಡು ಕೆರೆಗಳಲ್ಲಿ ಯಾವುದರ ಹೂಳು ಮೊದಲು ತೆಗೆಯಬೇಕು, ಒಂದೇ ಬಸ್ಸು ಇದ್ದರೆ ಯಾವ ಹಳ್ಳಿಯ ಹುಡುಗಿಯರ ಕಾಲೇಜಿಗೆ ಅದು ಹೊಂದಬೇಕು ಎಂಬುದನ್ನು ಗಣಕಯಂತ್ರ ನಿರ್ಧರಿಸಲಾರದು. ಅದು ಆಯ್ಕೆಯ ಪ್ರಶ್ನೆ. ಆಯ್ಕೆ ಎಂದರೆ ರಾಜಕೀಯ. ಆ ರಾಜಕೀಯ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ನಡೆಯಬೇಕು.

1991ರ ನಂತರದ ಸುಧಾರಣೆಗಳು ದೇಶಕ್ಕೆ ಸಂಪತ್ತು ತಂದವು, ಕರ್ನಾಟಕಕ್ಕೂ ತಂದವು. ಆದರೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ. ಸಂಪತ್ತು ಒಂದೇ ಕಡೆ ಸೇರುವುದು ಮಾರುಕಟ್ಟೆಯ ಸ್ವಭಾವ. ಅದನ್ನು ಹರಡುವುದು ಸರ್ಕಾರದ ಕೆಲಸ. ಹರಡಲು ನಾವು ಹಿಡಿದ ದಾರಿ ಮೇಲಿನಿಂದ ಹಣ ಸುರಿಯುವುದು. ಕೆಳಗೆ ಅದನ್ನು ಹಿಡಿದಿಡುವ ಕೆರೆಯ ಏರಿ ಭದ್ರವಿಲ್ಲದಿದ್ದರೆ ಎಷ್ಟು ಸುರಿದರೂ ನೀರು ನಿಲ್ಲುವುದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಒಂದು, ಪಂಚಾಯಿತಿ ಚುನಾವಣೆಯ ದಿನಾಂಕವನ್ನು ಸರ್ಕಾರದ ಮರ್ಜಿಯಿಂದ ಬಿಡಿಸಬೇಕು. ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಮರಳಿಸಬೇಕು. ಅವಧಿ ಮುಗಿಯುವ ಆರು ತಿಂಗಳ ಮೊದಲು ಹೊಸ ಪಟ್ಟಿ ಸಿದ್ಧವಾಗದಿದ್ದರೆ ಹಳೆಯ ಪಟ್ಟಿಯಲ್ಲೇ ಚುನಾವಣೆ ಎಂದು ಕಾಯ್ದೆಯಲ್ಲಿಯೇ ಬರೆಯಬೇಕು. ಎರಡು, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನದ ಅರ್ಧ ಭಾಗವಾದರೂ ಜಿಲ್ಲಾ ಯೋಜನಾ ಸಮಿತಿಯ ಮೂಲಕ, ತಾಲ್ಲೂಕಿನ ಹಿಂದುಳಿದಿರುವಿಕೆಯ ಸೂಚ್ಯಂಕಕ್ಕೆ ಅನುಗುಣವಾಗಿ ಪಂಚಾಯಿತಿಗಳಿಗೆ ತಲುಪಬೇಕು. ಬಹುಜಿಲ್ಲಾ ಯೋಜನೆಗಳಷ್ಟೇ ಮಂಡಳಿಯ ನೇರ ಕೈಯಲ್ಲಿರಲಿ.

ಮೂರು, ಸಿಬ್ಬಂದಿ ಇಲ್ಲದ ಕಟ್ಟಡಕ್ಕೆ ಹಣವಿಲ್ಲ ಎಂಬ ನಿಯಮ ಬರಲಿ. ಹುದ್ದೆ ಮಂಜೂರಾಗಿ ಭರ್ತಿಯಾಗುವ ಖಾತರಿ ಇದ್ದ ಮೇಲೆಯೇ ಅಡಿಗಲ್ಲು. ಪ್ರತಿ ಅನುದಾನದಲ್ಲಿ ಒಂದು ಪಾಲು ನಿರ್ವಹಣೆಗೆ ಮೀಸಲು. ಕಾರಟಗಿ, ಕನಕಗಿರಿ, ಕುಕನೂರಿನಂಥ ಹೊಸ ತಾಲ್ಲೂಕುಗಳಿಗೆ ಬರೀ ಫಲಕ ಸಾಲದು. ನಾಲ್ಕು, ಪ್ರತಿ ಕಾಮಗಾರಿಯ ಅಂದಾಜು ವೆಚ್ಚ, ಗುತ್ತಿಗೆದಾರ, ಪಾವತಿ, ಈಗಿನ ಬಳಕೆ – ಇವಿಷ್ಟನ್ನೂ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ವಿಧಾನಸಭೆಯ ಮುಂದಿಡುವ ವಾರ್ಷಿಕ ವರದಿಯೂ ಚರ್ಚೆಯಾಗಬೇಕು. ಐದು, ದೊಡ್ಡ ಕೈಗಾರಿಕೆಯ ಪ್ರಸ್ತಾವ ಉನ್ನತ ಮಟ್ಟದ ಸಮಿತಿಗೆ ಹೋಗುವ ಮೊದಲು ಜಿಲ್ಲಾ ಪಂಚಾಯಿತಿ ಮತ್ತು ಸಂಬಂಧಿಸಿದ ನಗರಸಭೆಯಲ್ಲಿ ಚರ್ಚೆಯಾಗಲಿ. ಅವುಗಳ ಅಭಿಪ್ರಾಯವನ್ನು ಒಪ್ಪದಿದ್ದರೆ ಸರ್ಕಾರ ಕಾರಣ ಬರೆಯಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಸಂವಿಧಾನ ತಿದ್ದುಪಡಿ ಬೇಕಿಲ್ಲ, ಹೊಸ ಸಮಿತಿ ಬೇಕಿಲ್ಲ. ರಾಜಕೀಯ ಇಚ್ಛಾಶಕ್ತಿ ಬೇಕು. ಅದನ್ನು ಹುಟ್ಟಿಸಲು ಮತದಾರರ ಒತ್ತಾಯ ಬೇಕು. ಅನುದಾನ ಎಷ್ಟು ಹೆಚ್ಚಿತು ಎಂದು ಕೇಳುವುದರ ಜೊತೆಗೆ, ಅದನ್ನು ಯಾರು ಖರ್ಚು ಮಾಡುತ್ತಾರೆ, ಅವರನ್ನು ನಾವು ಪ್ರಶ್ನಿಸುವುದು ಎಲ್ಲಿ ಎಂದು ಕೇಳುವುದನ್ನೂ ಈ ಭಾಗದ ಜನ, ಹೋರಾಟಗಾರರು, ಪತ್ರಿಕೆಗಳು ರೂಢಿಸಿಕೊಳ್ಳಬೇಕು. 371(ಜೆ)ಗಾಗಿ ದಶಕಗಳ ಕಾಲ ಹೋರಾಡಿದ ಪ್ರದೇಶಕ್ಕೆ ಇದು ಹೊಸತಲ್ಲ. ಬೆಂಗಳೂರಿನ ವಿದ್ಯಾವಂತ ವರ್ಗವೂ ಇದನ್ನು ದೂರದ ಊರಿನ ಸಂಗತಿ ಎಂದು ಬದಿಗಿಡಬಾರದು. ಅವರ ಮಹಾನಗರ ಪಾಲಿಕೆಯ ಚುನಾಯಿತ ಅವಧಿ ಮುಗಿದದ್ದು 2020ರಲ್ಲಿ. ಅಲ್ಲಿಯೂ ಆಡಳಿತಾಧಿಕಾರಿಯ ಕಾಲ ವರ್ಷಗಟ್ಟಲೆ ನಡೆಯಿತು. ಈ ವಿಷಯದಲ್ಲಿ ಅಳವಂಡಿಯೂ ಬೆಂಗಳೂರೂ ಸಮಾನವಾಗಿ ಹಿಂದುಳಿದವು. ನಂಜುಂಡಪ್ಪನವರ 35 ಸೂಚಕಗಳಿಗೆ 36ನೆಯದೊಂದನ್ನು ಸೇರಿಸುವುದಾದರೆ ಅದು ಇದೇ ಆಗಿರಲಿ: ಈ ಊರಿನಲ್ಲಿ ಜನ ಆರಿಸಿದವರು ಅಧಿಕಾರದಲ್ಲಿ ಇದ್ದಾರೆಯೇ, ಇಲ್ಲವೇ?